ಕೆಡಿಸಲಿಕ್ಕೆಂದೇ ಒಂದು ಕಾಲಂ

ಅವರ ಬಲಗೈಯ ಬೆರಳ ತುದಿಗಳು ಯಾವಾಗಲೂ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ನಿಪ್ಪಾಣಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸರು ಆ ಬೆರಳು ನೋಡಿ, "ತಂಬಾಕಿನ ವಖಾರಿಯೊಳಗ ಕೆಲಸೇನ್ರಿ?" ಎಂದು ಕೇಳುತ್ತಿದ್ದರಂತೆ. "ಹೌದ್ರಿ, ಅಂಥಾದ್ದ ಒಂದು" ಎಂದು ಇವರು ನಕ್ಕು ಸುಮ್ಮನಾಗುತ್ತಿದ್ದರಂತೆ. ಅದು ಗೋದಾಮಿನ ತಂಬಾಕಿನ ಕಲೆಯಲ್ಲ, ಅಯೋಡಿನ್ನಿನದು. ಮಿಶ್ರಣದಿಂದ ಬಿಡಿಸಿದ ವಸ್ತುವಿಗೆ ಬಣ್ಣವಿಲ್ಲದಿದ್ದರೆ ಅದು ಎಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹನಿಸಿದ, ಸಿಲಿಕಾ ಪುಡಿ ಬಳಿದ ಸಣ್ಣ ಪಟ್ಟಿಯನ್ನು ಅಯೋಡಿನ್ ಹರಳಿರುವ ಬಾಟಲಿಯೊಳಗೆ ಇಟ್ಟರೆ ಕಂದು ಚುಕ್ಕೆಗಳು ಮೂಡುತ್ತವೆ. ಪಟ್ಟಿಯನ್ನು ಇಕ್ಕಳದಿಂದ ತೆಗೆಯಬೇಕು, ಕೈಗವಸು ಹಾಕಿರಬೇಕು. ನಾನು ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಲ್ಯಾಬಿನ ಗೋಡೆಗೆ ಅಂಟಿಸಿದ್ದೆ. ಈ ಮಹಾತಾಯಿ ಮಕ್ಕಳಿಗೆಲ್ಲ ಕೈಗವಸು ಹಾಕಿಸಿ, ತಾವು ಮಾತ್ರ ಬರಿಗೈಯಿಂದ ತೆಗೆಯುತ್ತಿದ್ದರು. ಅವರು ಮಾಡಿದರೆ ಎಲ್ಲರಿಗೂ ಅದು ಮುದ್ದು. ನಾನು ಮಾಡಿದ್ದರೆ ಬೇಜವಾಬ್ದಾರಿ ಎನ್ನುತ್ತಿದ್ದರು.

ಈಗಲೇ ಹೇಳಿಬಿಡುತ್ತೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇತ್ತು. ಇತ್ತು ಏನು, ಇದೆ. ಹೋದವರ ಬಗ್ಗೆ ಬರೆಯುವಾಗ ಬರೀ ಹೂವು ಏರಿಸಬೇಕು ಎನ್ನುವವರು ಬೇರೆ ಯಾರಿಂದಲಾದರೂ ಬರೆಸಿಕೊಳ್ಳಲಿ.

ಚಿಕ್ಕೋಡಿಯ ನಮ್ಮ ಸ್ನಾತಕೋತ್ತರ ರಸಾಯನಶಾಸ್ತ್ರ ವಿಭಾಗಕ್ಕೆ ಅವರು ಬರುವುದಕ್ಕೆ ಮುಂಚೆ ಅಲ್ಲಿ ನಾನೊಬ್ಬಳೇ ಹೆಂಗಸು. ಕ್ರೊಮಟೋಗ್ರಫಿ ಕಲಿಸುವವಳೂ ನಾನೊಬ್ಬಳೇ. ಒಟ್ಟಿಗೆ ಕಲಸಿಹೋದದ್ದನ್ನು ಒಂದೊಂದಾಗಿ ಬಿಡಿಸುವ ವಿದ್ಯೆ ಅದು. ಅದರಲ್ಲೇ ಡಾಕ್ಟರೇಟು ಮಾಡಿದವಳು ನಾನು, ಅದೂ ಹೆಸರು ಹೇಳಿದರೆ ಎದ್ದು ನಿಲ್ಲುವಂಥ ಗುರುಗಳ ಕೈಕೆಳಗೆ. ನಾನು ಕಾರಿಡಾರಿನಲ್ಲಿ ಬಂದರೆ ಮಕ್ಕಳು ಗೋಡೆಗೆ ಸರಿದು "ಗುಡ್ ಮಾರ್ನಿಂಗ್ ಮೇಡಂ" ಎನ್ನುತ್ತಿದ್ದರು. ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ, ಮರ್ಯಾದೆಯೇ ಅದು. ಇವರು ಬಂದರು, ತಿಂಗಳು ಕಳೆಯುವುದರೊಳಗೆ ಮಕ್ಕಳು ಇವರನ್ನು "ಅಕ್ಕೋರು" ಎನ್ನತೊಡಗಿದರು. ನಮ್ಮ ಕಡೆ ಅಕ್ಕೋರು ಎಂದರೆ ಕನ್ನಡ ಸಾಲೆಯ ಮಾಸ್ತರಣಿ, ಪಾಟಿ ಹಿಡಿದ ವಯಸ್ಸಿನಲ್ಲಿ ಕರೆಯುವ ಮಾತು. ಮೀಸೆ ಬಂದ ಗಂಡುಹುಡುಗರು ಎಂ.ಎಸ್ಸಿ.ಯಲ್ಲಿ ಕೂತು ಅಕ್ಕೋರೇ ಅಕ್ಕೋರೇ ಎಂದು ಅವರ ಹಿಂದೆ ಓಡಾಡುತ್ತಿದ್ದರು. ನಿಪ್ಪಾಣಿ ಕಡೆಯ ಹುಡುಗಿಯರು ಮರಾಠಿ ಸಾಲೆಯ ರೂಢಿಯಲ್ಲಿ "ಬಾಯಿ" ಎನ್ನುತ್ತಿದ್ದರು. ನಾನೂ ಅಕ್ಕೋರು ಎಂದೇ ಕರೆದೆ, ಮೊದಲು ಕುಹಕಕ್ಕೆ, ಆಮೇಲೆ ಬಾಯಿಗೆ ಅದೇ ಹತ್ತಿಬಿಟ್ಟಿತು.

ಅವರು ನಿಪ್ಪಾಣಿ ಹತ್ತಿರದ ಅಕ್ಕೋಳ ಎಂಬ ಹಳ್ಳಿಯವರು. ನಿಪ್ಪಾಣಿಯಲ್ಲಿ ಬಹಳ ವರ್ಷ ಡಿಗ್ರಿ ಮಕ್ಕಳಿಗೆ ಪಾಠ ಮಾಡಿ, ಸಂಸಾರ ತೂಗಿಸಿಕೊಂಡು, ತಲೆಯಲ್ಲಿ ನೆರೆ ಕಂಡ ಮೇಲೆ ಡಾಕ್ಟರೇಟು ಮುಗಿಸಿದವರು. ಒಂದು ವಾಕ್ಯವನ್ನು ಕನ್ನಡದಲ್ಲಿ ಎತ್ತಿಕೊಂಡು ಮರಾಠಿಯಲ್ಲಿ ಇಳಿಸುತ್ತಿದ್ದರು. ಎಲ್ಲ ಹುಡುಗಿಯರೂ ಅವರಿಗೆ "ಬಾಳಾ", ಮರಾಠಿಯವರು ಮಗುವನ್ನು ಕರೆಯುವ ಹಾಗೆ. ಅವರ ಮೇಜಿನ ಡ್ರಾಯರಿನಲ್ಲಿ ಶೇಂಗಾ ಚಿಕ್ಕಿ ಇರುತ್ತಿತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದನ್ನು ನೋಡಿ ನಾನೂ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಚಿಕ್ಕಿ ತಂದು ನನ್ನ ಡ್ರಾಯರಿನಲ್ಲಿಟ್ಟೆ. ಒಬ್ಬರೂ ಬರಲಿಲ್ಲ. ಇರುವೆ ಬಂದವು.

ಆದರೆ ನನ್ನ ಮೈ ಉರಿಸಿದ್ದು ಚಿಕ್ಕಿಯಲ್ಲ, ಅವರದೊಂದು ಪದ್ಧತಿ. ಹೊಸ ಮಕ್ಕಳು ಮಾಡುವ ಮೊದಲನೆಯ ಕಾಲಂ ಕೆಡಿಸಲಿಕ್ಕೆಂದೇ ಮೀಸಲು. ಕಾಲಂ ಎಂದರೆ ಕೆಳತುದಿಗೆ ನಲ್ಲಿ ಇರುವ ಉದ್ದನೆಯ ಗಾಜಿನ ಕೊಳವೆ. ತಳಕ್ಕೆ ಹತ್ತಿ ತುರುಕಿ, ಸಿಲಿಕಾ ಪುಡಿಯನ್ನು ದ್ರಾವಕದಲ್ಲಿ ಕಲಸಿ ತುಂಬುತ್ತೇವೆ. ಅದರ ತಲೆಯ ಮೇಲೆ ಮಿಶ್ರಣ ಹಾಕಿ, ಮೇಲಿನಿಂದ ದ್ರಾವಕ ಸುರಿಯುತ್ತ ಹೋದರೆ ಒಂದೊಂದು ವಸ್ತುವೂ ಒಂದೊಂದು ವೇಗದಲ್ಲಿ ಇಳಿದು ಬೇರೆ ಬೇರೆಯಾಗಿ ಕೆಳಗೆ ಬರುತ್ತದೆ. ಇಡೀ ಕೆಲಸದಲ್ಲಿ ಮರೆಯಬಾರದ್ದು ಒಂದೇ, ಕಾಲಂ ಒಣಗಬಾರದು. ದ್ರಾವಕ ಸಿಲಿಕಾದ ಮಟ್ಟದಿಂದ ಕೆಳಗೆ ಹೋಯಿತೋ, ಗಾಳಿ ನುಗ್ಗಿ ಬಿರುಕು ಬಿಟ್ಟು, ಅಷ್ಟು ಹೊತ್ತು ಮಾಡಿದ್ದೆಲ್ಲ ಮಣ್ಣುಪಾಲು. ನಾನು ಇದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಒಣಗಿಸಿದವರನ್ನು ಲ್ಯಾಬಿನಿಂದ ಹೊರಗೆ ಹಾಕಿ ಕಲಿಸುತ್ತಿದ್ದೆ. ಇವರು ಒಣಗಿಸಿರಿ ಎಂದೇ ಹೇಳುತ್ತಿದ್ದರು!

"ಮೊದಲನೇದು ಕೆಡಸಾಕ ಐತಿ. ನಲ್ಲಿ ತಗೀರಿ, ಕೈ ಕಟ್ಟಿಕೊಂಡು ನಿಂದರ್ರಿ. ಹ್ಯಾಂಗ ಕೆಡತೈತಿ ಕಣ್ಣ ತುಂಬ ನೋಡ್ರಿ."

ಮೆಂತ್ಯೆ ಸೊಪ್ಪಿನ ರಸ ಹಾಕಿರುತ್ತಿದ್ದರು. ಹಳದಿ ಪಟ್ಟಿ ಮುಂದೆ, ಹಸಿರು ಪಟ್ಟಿ ಹಿಂದೆ, ಚಂದಾಗಿ ಇಳಿಯುತ್ತಿರುವಾಗಲೇ ಮೇಲೆ ದ್ರಾವಕ ಮುಗಿದು, ಸಿಲಿಕಾ ಬಿರಿದು, ಹಸಿರು ಒಂದು ಕಡೆ ಹರಿದು ರಾಡಿಯಾಗುತ್ತಿತ್ತು. ಮಕ್ಕಳು ಅಯ್ಯಯ್ಯೋ ಎನ್ನುತ್ತಿದ್ದರು. ಇವರು ಎಲ್ಲರ ಕೈಗೂ ಒಂದೊಂದು ಚಿಕ್ಕಿ ಕೊಡುತ್ತಿದ್ದರು. ಕೆಡಿಸಿದ್ದಕ್ಕೆ ಸಿಹಿ!

ನಾನು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, "ಸರ, ಸಿಲಿಕಾ ಏನು ಉಸುಕೇನ್ರಿ, ದೂಧಗಂಗಾ ಹೊಳಿಯಿಂದ ತುಂಬಿಕೊಂಡು ಬರಾಕ?" ಎಂದು ಕೇಳಿದೆ.

"ಇಲ್ರಿ ಮೇಡಂ. ಅವರು ಒಮ್ಮೆ ಬಳಸಿದ್ದನ್ನ ತೊಳದು ಗಚ್ಚಿ ಮ್ಯಾಲ ಒಣಗಸ್ತಾರ. ಕೆಡಸಾಕ ಅದನ್ನ ಹಚ್ಚತಾರ. ಹೊಸಾದ್ದು ಮುಟ್ಟಂಗಿಲ್ಲ" ಎಂದರು ಅವರು.

ಮೆಟ್ಟಿಲು ಹತ್ತಿ ಗಚ್ಚಿಗೆ ಹೋದೆ. ಬಿಸಿಲಿನಲ್ಲಿ ಅಗಲವಾದ ಟ್ರೇಗಳ ತುಂಬ ಬಿಳಿ ಪುಡಿ ಹರವಿ, ಮೇಲೆ ತೆಳು ಬಟ್ಟೆ ಮುಚ್ಚಿ, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಹಪ್ಪಳ ಕಾಯುವವರ ಹಾಗೆ ಛತ್ರಿ ಹಿಡಿದು ಅಕ್ಕೋರು ಕೂತಿದ್ದರು. "ಬರ್ರಿ ಮೇಡಂ, ಗಾಳಿ ಭಾಳ ಐತಿ, ಆ ಕಡೆ ತುದಿ ಸ್ವಲ್ಪ ಹಿಡೀರಿ" ಎಂದರು. ಜಗಳಕ್ಕೆಂದು ಹೋದವಳು ಬಟ್ಟೆಯ ತುದಿ ಹಿಡಿದು ಕೂತು ಬಂದೆ. ಇಂಥವರ ಕೂಡ ಹೇಗೆ ಜಗಳವಾಡುವುದು, ನೀವೇ ಹೇಳಿ.

ಇಷ್ಟಕ್ಕೇ ನಿಂತಿದ್ದರೆ ಇದು ಇಬ್ಬರು ಮಾಸ್ತರಣಿಯರ ಮುಸುಕಿನ ಗುದ್ದಾಟವಾಗಿ ಮುಗಿಯುತ್ತಿತ್ತು. ಆದರೆ ಅದೇ ವರ್ಷ ನನ್ನ ಮಗಳು ನಮ್ಮ ವಿಭಾಗಕ್ಕೇ ಎಂ.ಎಸ್ಸಿ.ಗೆ ಬಂದಳು.

ನನಗಿರುವುದು ಒಬ್ಬಳೇ ಮಗಳು. ಚಿಕ್ಕಂದಿನಿಂದ ಅಡುಗೆಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನಾನೇ ಕಲಿಸಿದ್ದು. ಜಾಣೆ. ತಪ್ಪು ಮಾಡಿದರೆ ಬೈಯುತ್ತಿದ್ದೆ, ಅದರಲ್ಲೇನಿದೆ, ನನ್ನನ್ನೂ ಬೈದೇ ಕಲಿಸಿದ್ದು. ಆದರೆ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳು ನನ್ನನ್ನು ಏನೂ ಕೇಳುವುದನ್ನೇ ನಿಲ್ಲಿಸಿಬಿಟ್ಟಳು. ತಿಳಿಯದ್ದನ್ನು ಒಬ್ಬಳೇ ಕೂತು ಅಳಿಸಿ ಅಳಿಸಿ ಬರೆಯುತ್ತಿದ್ದಳು. ಹತ್ತಿರ ಹೋಗಿ "ಏನಾತು?" ಎಂದರೆ "ಏನಿಲ್ಲ". ಊಟದಲ್ಲೂ ಏನಿಲ್ಲ, ಓದಿನಲ್ಲೂ ಏನಿಲ್ಲ, ಜ್ವರ ಬಂದರೂ ಏನಿಲ್ಲ. ಎಂ.ಎಸ್ಸಿ.ಗೆ ಬಂದ ಮೇಲೆ, ನನ್ನ ಲ್ಯಾಬಿನಲ್ಲಿ, ನನ್ನ ಬಗಲಲ್ಲಿ ನಿಂತು ಕೆಲಸ ಮಾಡುವಾಗಲಾದರೂ ಅವಳು "ಅವ್ವಾ, ಇದು ಹ್ಯಾಂಗ?" ಎಂದು ಮತ್ತೆ ಕೇಳಬಹುದು ಎಂಬುದೊಂದೇ ನನ್ನ ಆಸೆಯಾಗಿತ್ತು. ಅದಕ್ಕೇ ಕೊಲ್ಲಾಪುರಕ್ಕೆ ಹೋಗುತ್ತೇನೆಂದವಳನ್ನು ಹಟ ಹಿಡಿದು ಚಿಕ್ಕೋಡಿಯಲ್ಲಿ ಉಳಿಸಿಕೊಂಡೆ.

ಅವಳ ತಂಡ ಮೊದಲ ಕಾಲಂ ಕೆಡಿಸುವ ದಿನ ನಾನು ಎದುರಿನ ಕ್ಲಾಸಿಗೆ ಹೊರಟವಳು ಲ್ಯಾಬಿನ ಬಾಗಿಲಲ್ಲಿ ನಿಂತೆ. ಉಳಿದವರದೆಲ್ಲ ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಮಗಳ ಕೊಳವೆಯಲ್ಲಿ ಮಾತ್ರ ದ್ರಾವಕ ಇನ್ನೇನು ಸಿಲಿಕಾಕ್ಕೆ ತಾಗಿತು ಎನ್ನುವಾಗ ಅವಳ ಕೈ ತಾನಾಗಿಯೇ ಬಾಟಲಿಗೆ ಹೋಗಿ ಮೇಲಿಂದ ಸುರಿಯುತ್ತಿತ್ತು.

"ಕೆಡಸು ಬಾಳಾ" ಎಂದರು ಅಕ್ಕೋರು.

ಅವಳು ಮತ್ತೆ ಸುರಿದಳು. ಅಕ್ಕೋರು ಬಾಟಲಿ ಇಸಿದುಕೊಂಡು ಬೆನ್ನ ಹಿಂದೆ ಹಿಡಿದರು.

"ಏನಾಗ್ತೈತಿ ಹೇಳ?"

"ಕೆಡತೈತ್ರಿ."

"ಕೆಟ್ಟರ?"

ಅವಳು ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ನನ್ನ ಮುಖ ಕಂಡಳು. ಅಕ್ಕೋರು ನಮ್ಮಿಬ್ಬರ ನಡುವೆ ಬಂದು ನಿಂತರು, ಬೇಕೆಂದೇ, ನನಗೆ ಬೆನ್ನು ಮಾಡಿ. ಅವರ ಹೆಗಲ ಆಚೆ ಕೊಳವೆಯೊಳಗೆ ಬಿಳಿ ಬಿರುಕು ಬಿಟ್ಟಿತು. ಆಗ ನನ್ನ ಮಗಳು ನಕ್ಕಳು, ಕಿಲಕಿಲನೆ, ಹಲ್ಲು ಬಿಟ್ಟು. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ಸೂತ್ರ ತಪ್ಪು ಬರೆದೆ, ತಪ್ಪೆಂದು ಹೇಳಿದ ಹುಡುಗನಿಗೆ ಚೆನ್ನಾಗಿ ಬೈದೆ.

ಅಲ್ಲಿಂದ ಮುಂದೆ ಮನೆಯಲ್ಲಿ ಅಕ್ಕೋರದೇ ಜಪ. ಅಕ್ಕೋರು ಹಿಂಗಂದ್ರು, ಅಕ್ಕೋರು ಹಂಗಂದ್ರು. ಅಕ್ಕೋರು ಝುಣಕಾದಾಗ ಉಳ್ಳಾಗಡ್ಡಿ ಹೆಚ್ಚಿಗಿ ಹಾಕತಾರ. ಅಕ್ಕೋರ ಮನಿಯಾಗ ರೊಟ್ಟಿ ತೆಳ್ಳಗ. ಶನಿವಾರ ಬಂತೆಂದರೆ ಅಕ್ಕೋಳದ ದಾರಿ ಹಿಡಿಯುತ್ತಿದ್ದಳು. ಆ ಹೆಂಗಸಿಗೆ ಇಬ್ಬರು ಗಂಡುಮಕ್ಕಳಿದ್ದರು, ಸಾಲದಾಗಿತ್ತೇನೋ, ನನ್ನದೂ ಬೇಕಾಯಿತು. ನನ್ನ ಗಂಡ ಚಿಕ್ಕೋಡಿ ಕೋರ್ಟಿನಲ್ಲಿ ವಕೀಲರು. ಒಂದು ದಿನ ಊಟಕ್ಕೆ ಕೂತಾಗ, "ದತ್ತಕದ ಕಾಗದ ಮಾಡಿಬಿಡೂಣೇನು? ಸ್ಟಾಂಪ್ ಪೇಪರ್ ನಮ್ಮಲ್ಲೇ ಅದಾವ" ಎಂದು ನಕ್ಕರು. ಆ ದಿನ ಅವರಿಗೆ ಎರಡನೆಯ ರೊಟ್ಟಿ ಸಿಗಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೂ ಅವಳು ಅವರನ್ನೇ ಆರಿಸಿಕೊಂಡಳು. ನನಗೆ ಹೇಳಿದ್ದು ವಿಭಾಗದ ಜವಾನ. ವಖಾರಿಯಲ್ಲಿ ಗುಡಿಸಿ ಎಸೆಯುವ ತಂಬಾಕಿನ ಪುಡಿಯಿಂದ ಸೊಲನೆಸಾಲ್ ಎಂಬ ವಸ್ತುವನ್ನು ಬೇರ್ಪಡಿಸುವ ಕೆಲಸ. ಔಷಧಿ ತಯಾರಿಸುವವರಿಗೆ ಬೇಕಾದ ವಸ್ತು ಅದು. ಉದ್ದನೆಯ ಕಾಲಂ ಹಾಕಿ, ಇಡೀ ದಿನ ಹತ್ತಿರವೇ ಕೂತು, ಕೆಳಗೆ ಬೀಳುವುದನ್ನು ಒಂದಾದ ಮೇಲೊಂದು ಪರೀಕ್ಷಾನಳಿಗೆಯಲ್ಲಿ ಹಿಡಿಯಬೇಕು.

ಅಂಥ ಒಂದು ಬೆಳಿಗ್ಗೆ ಅವಳು ಕಾಲಂ ಶುರು ಮಾಡಿದ ಮೇಲೆ ಫೋನ್ ಬಂತು. ಅಕ್ಕೋರಿಗೆ ಎದೆನೋವು ಬಂದು ನಿಪ್ಪಾಣಿಯ ಆಸ್ಪತ್ರೆಗೆ ಸೇರಿಸಿದ್ದರು. ನಾನು ಲ್ಯಾಬಿನ ಮುಂದೆ ಹಾಯುವಾಗ ಒಳಗೆ ಯಾರೂ ಇರಲಿಲ್ಲ. ಮಗಳ ಓಢಣಿ ಸ್ಟೂಲಿನ ಮೇಲೆ ಬಿದ್ದಿತ್ತು. ನಲ್ಲಿ ಹಾಗೇ ಬಿಟ್ಟಿತ್ತು, ಹನಿ ಬೀಳುತ್ತಿತ್ತು, ದ್ರಾವಕ ಸಿಲಿಕಾದ ಮೇಲೆ ಬೆರಳಿನಷ್ಟು ಉಳಿದಿತ್ತು. "ನಿಪ್ಪಾಣಿ ಬಸ್ಸಿಗೆ ಓಡಿ ಹೋದ್ರು ಮೇಡಂ" ಎಂದ ಜವಾನ. ನನಗೆ ಜ್ವರ ಬಂದಾಗ ಒಂದು ಲೋಟ ಕಷಾಯ ಕೊಟ್ಟು ಕಾಲೇಜಿಗೆ ಹೋದವಳು! ಒಣಗಲಿ, ಬುದ್ಧಿ ಬರಲಿ ಎಂದು ಎರಡು ಹೆಜ್ಜೆ ಮುಂದೆಯೂ ಹೋದೆ. ಆದರೆ ಹೋಗಲಾಗಲಿಲ್ಲ. ಕ್ಲಾಸಿನವರಿಗೆ ಇವತ್ತು ಪಾಠವಿಲ್ಲ ಎಂದು ಹೇಳಿ ಕಳಿಸಿ, ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತೆ. ದ್ರಾವಕ ಸುರಿದೆ, ನಳಿಗೆ ಬದಲಿಸಿದೆ, ಮತ್ತೆ ಸುರಿದೆ. ಊಟಕ್ಕೂ ಏಳಲಿಲ್ಲ. ಇಷ್ಟು ವರ್ಷದ ಕೈ ನನ್ನದು, ಹನಿ ಒಂದೇ ಸಮ ಬೀಳುತ್ತಿತ್ತು. ಸಂಜೆ ಅವಳು ಬಂದು ನೋಡಿ ಬೆರಗಾಗಬೇಕು, ಅವ್ವಾ ಎಂದು ಬಂದು ತಬ್ಬಿಕೊಳ್ಳಬೇಕು ಎಂದೆಲ್ಲ ಲೆಕ್ಕ ಹಾಕುತ್ತ ಕೂತೆ.

ಸಂಜೆ ಬಂದಳು. ಕಣ್ಣು ಬಾತಿದ್ದವು. ಸಾಲಾಗಿ ನಿಲ್ಲಿಸಿದ ನಳಿಗೆಗಳನ್ನು ನೋಡಿದಳು, ಬೆರಗೇನೂ ಆಗಲಿಲ್ಲ.

"ಹ್ಯಾಂಗ ಅದಾರ?" ಎಂದೆ.

"ಪಾಡ ಅದಾರ, ಆರಾಮ ಆಗ್ತಾರಂತ. ಕಾಲಂ ಬಿಟ್ಟ ಬಂದೀನ್ರಿ, ಒಣಗಿ ಹೋತು ಅಂತ ಅವರ ಮುಂದ ಅತ್ತೆ. ಅಕ್ಕೋರು ನಕ್ಕರು. ಒಣಗಂಗಿಲ್ಲ ಬಾಳಾ, ನಿಮ್ಮ ಅವ್ವ ಕುಂತಿರ್ತಾಳ ಅಂದ್ರು."

ನೋಡಿ, ಹೀಗೆ. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಲ್ಲಿಂದಲೇ ಅಕ್ಕೋರು ನನ್ನ ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡರು. ನನ್ನ ಮಗಳಿಗೆ ನನ್ನ ಬಗ್ಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. ನನಗೇ ಬೆಳಿಗ್ಗೆ ಗೊತ್ತಿರಲಿಲ್ಲ. ಮಾರನೆಯ ದಿನ ಮಗಳು, ನಾನು ಹಿಡಿದ ನಳಿಗೆಗಳಿಂದ ಹನಿ ಇಟ್ಟ ಪಟ್ಟಿಗಳನ್ನು ಅಯೋಡಿನ್ನಿನಲ್ಲಿ ಮೂಡಿಸಿ, ಫೋಟೋ ತೆಗೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಅವರಿಗೇ ತೋರಿಸಿ ಬಂದಳು. ಸೊಲನೆಸಾಲ್ ಚೊಕ್ಕವಾಗಿ ಬೇರೆಯಾಗಿತ್ತು. "ಇದು ನಿನ್ನ ಕೈ ಅಲ್ಲ, ನಿನಗ ಇಷ್ಟ ತಾಳ್ಮಿ ಎಲ್ಲೈತಿ" ಎಂದರಂತೆ.

ಅವರು ಚೇತರಿಸಿಕೊಂಡು ಕೆಲಸಕ್ಕೆ ಬಂದ ಮೇಲೆ ಒಂದು ಮಧ್ಯಾಹ್ನ ನನ್ನ ಕೋಣೆಗೆ ಚಹಾ ತರಿಸಿಕೊಂಡು ಕೂತರು.

"ಮೇಡಂ, ನೀವು ನನ್ನ ಮ್ಯಾಲ ಸಿಟ್ಟ ಅದೀರಿ."

"ಹೌದ್ರಿ, ಅದೀನಿ" ಎಂದೆ. ಸುಳ್ಳು ಯಾಕೆ ಹೇಳಲಿ.

"ಇರ್ಲಿ ಬಿಡ್ರಿ" ಎಂದು ಬಶಿಗೆ ಚಹಾ ಸುರಿದುಕೊಂಡರು. "ನಿಮ್ಮ ಮಗಳು ನನ್ನ ಹಂತ್ಯಾಕ ಕೆಮಿಸ್ಟ್ರಿ ಕೇಳಾಕ ಬರಂಗಿಲ್ರಿ. ಕೆಮಿಸ್ಟ್ರಿ ಎಲ್ಲಾ ಆಕಿಗಿ ನೀವ ಕಲಿಸಿಬಿಟ್ಟೀರಿ, ನಾ ಏನ ಕಲಸೂದು ಉಳದಿಲ್ಲ. ತಪ್ಪ ಮಾಡಾಕ ಬರ್ತಾಳ. ನಿಮ್ಮ ಮುಂದ ತಪ್ಪ ಮಾಡಾಕ ಆಕಿಗಿ ಅಂಜಿಕಿ."

"ಮತ್ತ ನಾ ಏನ ಮಾಡ್ಲಿ? ತಪ್ಪ ಮಾಡಿದ್ರ ಚಿಕ್ಕಿ ಕೊಡ್ಲೇನು?"

"ನಿಮಗ ಆಗಂಗಿಲ್ಲ ಬಿಡ್ರಿ" ಎಂದು ನಕ್ಕರು. "ನೀವು ಬೈಯೋದು ನಿಲ್ಲಿಸಿದ್ರ ಆ ಪೋರಿ ಇನ್ನೂ ಹೆದರತಾಳ. ಬೈರಿ. ಬೈದ ಮ್ಯಾಲ ಎದ್ದ ಹೋಗಬ್ಯಾಡ್ರಿ, ಅಷ್ಟ. ಕುಂದರ್ರಿ."

ನಾನು ಯಾವಾಗಲೂ ಬೈದು ಎದ್ದು ಹೋಗುತ್ತೇನೆ ಎಂದು ಇವರಿಗೆ ಹೇಳಿದವರು ಯಾರು? ಮಗಳೇ ಹೇಳಿರಬೇಕು. ಮನೆಯ ಮಾತೆಲ್ಲ ಅಕ್ಕೋಳ ಮುಟ್ಟಿದೆ ಎಂದು ಇನ್ನಷ್ಟು ಉರಿಯಿತು. ಚಹಾ ಹೇಗಿತ್ತೆಂದು ಕೂಡ ನೆನಪಿಲ್ಲ.

ಮಗಳು ಪಾಸಾದಳು. ರಾಯಬಾಗದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಪಾಠದಲ್ಲಿ ಏನಾದರೂ ತೊಡಕಾದರೆ ಬಸ್ಸಿನಿಂದಲೇ ಅಕ್ಕೋರಿಗೆ ಫೋನು. ಅವರು ನಿವೃತ್ತರಾಗಿ ಅಕ್ಕೋಳದಲ್ಲೇ ಇದ್ದರು. ಮನೆಗೆ ಬರುವ ಹೊತ್ತಿಗೆ ಅವಳ ಪ್ರಶ್ನೆಗಳೆಲ್ಲ ಮುಗಿದಿರುತ್ತಿದ್ದವು, ನನಗೆ ಉಳಿಯುತ್ತಿದ್ದದ್ದು ಅದೇ "ಏನಿಲ್ಲ".

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಮತ್ತೆ ಎದೆನೋವು, ಈ ಸಲ ಆಸ್ಪತ್ರೆ ಮುಟ್ಟಲಿಲ್ಲ. ನಾವು ಮೂವರೂ ಅಕ್ಕೋಳಕ್ಕೆ ಹೋದೆವು. ಅಂಗಳದಲ್ಲಿ ಬುದ್ಧವಂದನೆ ನಡೆದಿತ್ತು. ಅಥಣಿ, ಕಾಗವಾಡ, ರಾಯಬಾಗ, ಎಲ್ಲೆಲ್ಲಿಂದಲೋ ಅವರು ಕಲಿಸಿದ ಮಕ್ಕಳು ಬಂದಿದ್ದರು, ಕೆಲವರು ತಮ್ಮ ಮಕ್ಕಳನ್ನು ಎತ್ತಿಕೊಂಡು. ಓಣಿ ತುಂಬಿ ರಸ್ತೆಗೆ ಬಂದಿತ್ತು ಜನ. ನಾನು ಹೋದರೆ ಇಷ್ಟು ಜನ ಸೇರುವುದಿಲ್ಲ ಎಂದು ಅಲ್ಲಿ ನಿಂತೂ ಅನ್ನಿಸಿತು, ಏನು ಮಾಡಲಿ, ನನ್ನ ಹೊಟ್ಟೆಯೇ ಅಂಥದ್ದು. ಅವರ ಯಜಮಾನರು ನನ್ನನ್ನು ಕಂಡು, "ಮೇಡಂ ಬಂದ್ರ ಚಿಕ್ಕಿ ಕೊಡಬ್ಯಾಡ್ರಿ, ಚಹಾ ಕೊಡ್ರಿ ಅಂತಿದ್ಲು" ಎಂದು ಹೇಳಿ ಅತ್ತರು. ಆಗ ನಾನೂ ಅತ್ತೆ. ಗಟ್ಟಿಯಾಗಿಯೇ ಅತ್ತೆ.

ಮಗಳು ಅಲ್ಲಿ ಅಳಲಿಲ್ಲ. ಬಂದವರಿಗೆ ನೀರು ಕೊಡುತ್ತ, ಆ ಮನೆಯ ಮಗಳ ಹಾಗೆ ಓಡಾಡಿದಳು. ಮನೆಗೆ ಬಂದು ಕಾಲು ತೊಳೆದು ನಾನು ಹಾಲ್‌ನಲ್ಲಿ ಕೂತಿದ್ದೆ. ಅವಳು ಬಂದವಳೇ ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಎಷ್ಟು ವರ್ಷದ ಮೇಲೆ! ಬಿಕ್ಕಿ ಬಿಕ್ಕಿ ಅತ್ತಳು, ಸೀರೆ ತೊಯ್ಯುವ ಹಾಗೆ. ಮಗಳು ನನ್ನ ಮಡಿಲಿಗೆ ಬಂದಿದ್ದಾಳೆ, ಅಳುತ್ತಿರುವುದು ಇನ್ನೊಬ್ಬಳಿಗಾಗಿ. ನಾನು ಸತ್ತರೂ ಹೀಗೆ ಅಳುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಲೇ ತಲೆ ನೇವರಿಸಿದೆ. ಎದ್ದು ಹೋಗಲಿಲ್ಲ.

"ಅವ್ವಾ, ಇನ್ನ ನಾ ಯಾರನ್ನ ಕೇಳ್ಲಿ?" ಎಂದಳು.

"ನನ್ನ ಕೇಳ."

"ನೀ ಬೈತಿ."

"ಬೈತೀನಿ. ಆದ್ರೂ ಕೇಳ."

ಅವಳು ನನ್ನ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಮಾರನೆಯ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬ್ಯಾಗು ಹೆಗಲಲ್ಲಿತ್ತು.

"ಅವ್ವಾ, ನಮ್ಮ ಹುಡುಗರ ಕಾಲಂದಾಗ ಪಟ್ಟಿ ಓರಿ ಆಗಿ, ಒಂದ ಕಡೆ ವಾಲಿ ಇಳೀತಾವ. ಯಾಕ?"

"ಕೊಳವಿ ನೆಟ್ಟಗ ನಿಲ್ಲಿಸಿರಂಗಿಲ್ಲ, ಸಿಲಿಕಾ ಸಮ ಕುಂತಿರಂಗಿಲ್ಲ. ಅಷ್ಟೂ ತಿಳಿಯಂಗಿಲ್ಲ ಅಂದ್ರ ನೀ ಅವಕ್ಕ ಏನ ಕಲಸ್ತಿ, ಮಣ್ಣ?" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ನನ್ನ ಬಾಯಿಯೇ ಹಾಗೆ. ಹಿಟ್ಟಿನ ಕೈಯಲ್ಲೇ ಅವಳ ಮುಖ ನೋಡುತ್ತ ಕೂತೆ. ಅವಳು ಬ್ಯಾಗು ಕೆಳಗಿಟ್ಟು ನನ್ನ ಎದುರಿಗೆ ಮಣೆ ಎಳೆದುಕೊಂಡು ಕೂತಳು.

"ಅಕ್ಕೋರೂ ಇದನ್ನ ಹೇಳತಿದ್ರು ಅವ್ವಾ" ಎಂದಳು.

ಹೊಟ್ಟೆ ಉರಿಯಿತು. ಅವಳು ಇನ್ನೊಂದು ಕೇಳಿದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು, ರಾಯಬಾಗದ ಬಸ್ಸೂ ಹೋಯಿತು.